ಗಡಿನಾಡಿನ ಅಹವಾಲಿಗೆ ತಿರುವನಂತಪುರದ ದಾರಿ: ಕೇರಳ ನಿಯಮಸಭೆಯಲ್ಲಿ ಕೆಲಸ ನಡೆಯುವುದು ಹೀಗೆ

ಕಾಸರಗೋಡು: ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಶಿಕ್ಷಕರು ನೇಮಕವಾಗಿ ಬಂದಾಗ ಊರವರು ಧರಣಿ ಕೂರುತ್ತಾರೆ. ಪಂಚಾಯತ್ ಕಚೇರಿಯಲ್ಲಿ ಮಲಯಾಳದ ಫಾರಂ ಮಾತ್ರ ಕೈಗೆ ಸಿಕ್ಕಾಗ ಗೊಣಗುತ್ತಾರೆ. ಕೊನೆಗೆ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ನಮ್ಮ ಎಂಎಲ್‌ಎ ಸಭೆಯಲ್ಲಿ ಮಾತಾಡ್ಬೇಕು ಮಾರಾಯ್ರೇ." ಆದರೆ ಆ ಸಭೆಯಲ್ಲಿ ಮಾತಾಡುವುದು ಅಂದರೆ ಏನು? ಯಾವ ಮಾತಿಗೆ ಉತ್ತರ ಸಿಗುತ್ತದೆ, ಯಾವುದು ಗಾಳಿಗೆ ಹೋಗುತ್ತದೆ? ಇದು ಗೊತ್ತಿದ್ದವರು ನಮ್ಮಲ್ಲಿ ಕಡಿಮೆ.

ಮಂಜೇಶ್ವರದಿಂದ ತಿರುವನಂತಪುರಕ್ಕೆ ರೈಲಿನಲ್ಲಿ ಒಂದು ಇಡೀ ರಾತ್ರಿಯ ಪ್ರಯಾಣ. ಬೆಂಗಳೂರಿನ ವಿಧಾನಸೌಧದ ಸುದ್ದಿ ಇಲ್ಲಿಯ ಮನೆಗಳಿಗೆ ಕನ್ನಡ ಪತ್ರಿಕೆಗಳ ಮೂಲಕ ದಿನಾ ಬರುತ್ತದೆ. ನಮ್ಮ ಪಡಿತರ, ಶಾಲೆ, ರಸ್ತೆ, ಪಿಂಚಣಿಯನ್ನು ತೀರ್ಮಾನಿಸುವ ಸಭೆಯ ಸುದ್ದಿ ಮಾತ್ರ ಅಷ್ಟಾಗಿ ತಲುಪುವುದಿಲ್ಲ.

140ರಲ್ಲಿ ಎರಡು

ಕೇರಳದಲ್ಲಿ ಇರುವುದು ಒಂದೇ ಸದನ. ಮಲಯಾಳದಲ್ಲಿ ಅದಕ್ಕೆ ನಿಯಮಸಭೆ ಎಂದು ಹೆಸರು. ಕರ್ನಾಟಕದಲ್ಲಿರುವಂತೆ ಮೇಲ್ಮನೆ, ಅಂದರೆ ವಿಧಾನ ಪರಿಷತ್ತು, ಇಲ್ಲಿಲ್ಲ. 1957ರ ಮೊದಲ ಚುನಾವಣೆಯಲ್ಲಿ 126 ಮಂದಿ ಆಯ್ಕೆಯಾಗಿದ್ದರು. 1977ರಿಂದ ಸ್ಥಾನಗಳ ಸಂಖ್ಯೆ 140. ಆಂಗ್ಲೋ ಇಂಡಿಯನ್ ಸಮುದಾಯದಿಂದ ಒಬ್ಬರನ್ನು ನಾಮಕರಣ ಮಾಡುವ ಪದ್ಧತಿ 2020ರಲ್ಲಿ ನಿಂತಿತು.

ಈ 140ರಲ್ಲಿ ಕಾಸರಗೋಡು ಜಿಲ್ಲೆಗೆ ಐದು ಸ್ಥಾನ: ಮಂಜೇಶ್ವರ, ಕಾಸರಗೋಡು, ಉದುಮ, ಕಾಞಂಗಾಡು, ತೃಕ್ಕರಿಪುರ. ಕನ್ನಡ, ತುಳು ಮಾತಾಡುವವರ ಮತ ಹೆಚ್ಚಾಗಿ ಲೆಕ್ಕಕ್ಕೆ ಬರುವುದು ಮೊದಲಿನ ಎರಡರಲ್ಲಿ.

ಲೆಕ್ಕ ಸಣ್ಣದು, ಆದರೆ ಚರಿತ್ರೆ ಸಣ್ಣದಲ್ಲ. 1957ರಲ್ಲಿ ಮಂಜೇಶ್ವರದಿಂದ ಪಕ್ಷೇತರರಾಗಿ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. 1960ರಲ್ಲಿ, ಮತ್ತೆ 1967ರಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದರು. 1980ರಲ್ಲಿ ಗೆದ್ದ ಡಾ. ಎ. ಸುಬ್ಬ ರಾವ್ ಇ.ಕೆ. ನಾಯನಾರ್ ಸಂಪುಟದಲ್ಲಿ ನೀರಾವರಿ ಮಂತ್ರಿಯೂ ಆದರು. 2016ರಲ್ಲಿ ಮಂಜೇಶ್ವರದ ಗೆಲುವಿನ ಅಂತರ ಬರೇ 89 ಮತ. 2021ರಲ್ಲಿ 745. ಒಂದು ವಾರ್ಡಿನ ಮತ ಆಚೀಚೆಯಾದರೆ ಫಲಿತಾಂಶವೇ ಬದಲಾಗುವ ಕ್ಷೇತ್ರ ಇದು. ಹಾಗಾಗಿ ಕನ್ನಡದ ಅಹವಾಲನ್ನು ಯಾವ ಪಕ್ಷದವರೂ ಸುಮ್ಮನೆ ತಳ್ಳಿಹಾಕುವಂತಿಲ್ಲ.

ಪ್ರಮಾಣವಚನದಲ್ಲೂ ಭಾಷೆ

ಗೆದ್ದವರು ಪ್ರಮಾಣವಚನ ತೆಗೆದುಕೊಳ್ಳದೆ ಸಭೆಯಲ್ಲಿ ಕೂರುವಂತಿಲ್ಲ, ಮತ ಹಾಕುವಂತಿಲ್ಲ. 2021ರ ಮೇ ತಿಂಗಳಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಕನ್ನಡದಲ್ಲಿ ಪ್ರಮಾಣ ಸ್ವೀಕರಿಸಿದ್ದು ಗಡಿನಾಡಿನಲ್ಲಿ ದೊಡ್ಡ ಸುದ್ದಿಯಾಯಿತು.

ಅದೇ ಸಲ ತಮಿಳಿನಲ್ಲಿ ಪ್ರಮಾಣ ಸ್ವೀಕರಿಸಿದ ದೇವಿಕುಳಂ ಶಾಸಕ ಎ. ರಾಜಾ ಅವರಿಗೆ ಫಜೀತಿಯಾಯಿತು. ಅವರ ಕೈಗೆ ಕೊಟ್ಟ ತಮಿಳು ಅನುವಾದದಲ್ಲಿ ದೇವರ ಹೆಸರಲ್ಲಿ ಎಂದೂ ಇರಲಿಲ್ಲ, ಸತ್ಯನಿಷ್ಠೆಯಿಂದ ಎಂದೂ ಇರಲಿಲ್ಲ. ಕೆಲವು ದಿನಗಳ ನಂತರ ಅವರು ಎರಡನೇ ಸಲ ಪ್ರಮಾಣ ಮಾಡಬೇಕಾಯಿತು. ಸರಿಯಾದ ಪ್ರಮಾಣ ಇಲ್ಲದೆ ಸಭೆಯಲ್ಲಿ ಕೂತ ಐದು ದಿನಕ್ಕೆ ದಿನಕ್ಕೆ 500ರಂತೆ 2,500 ರೂಪಾಯಿ ದಂಡವೂ ಬಿತ್ತು. ಭಾಷೆ ಬಳಸುವ ಹಕ್ಕು ಇದ್ದರೆ ಸಾಲದು, ಸರ್ಕಾರದ ಕಚೇರಿಯಲ್ಲಿ ಸರಿಯಾದ ಅನುವಾದವೂ ಆಗಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಭೆಯಲ್ಲಿ ಕನ್ನಡ ಮಾತಾಡಬಹುದೇ? ಸಂವಿಧಾನದ 210ನೇ ವಿಧಿಯ ಪ್ರಕಾರ ಶಾಸನಸಭೆಯ ಕಲಾಪ ನಡೆಯುವುದು ರಾಜ್ಯದ ಅಧಿಕೃತ ಭಾಷೆಯಲ್ಲಿ, ಇಲ್ಲವೇ ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಈ ಭಾಷೆಗಳಲ್ಲಿ ಸರಿಯಾಗಿ ಹೇಳಲು ಬಾರದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತಾಡಲು ಸ್ಪೀಕರ್ ಅನುಮತಿ ಕೊಡಬಹುದು.

ಸ್ಪೀಕರ್ ಕುರ್ಚಿ

ಹೊಸ ಸಭೆ ಸೇರಿದಾಗ ಹಿರಿಯ ಸದಸ್ಯರೊಬ್ಬರು ಹಂಗಾಮಿ ಸ್ಪೀಕರ್ ಆಗಿ ಎಲ್ಲರಿಗೂ ಪ್ರಮಾಣ ಬೋಧಿಸುತ್ತಾರೆ. ಆಮೇಲೆ ಸದಸ್ಯರೇ ಸ್ಪೀಕರ್ ಮತ್ತು ಡೆಪ್ಯುಟಿ ಸ್ಪೀಕರ್ ಅವರನ್ನು ಆರಿಸುತ್ತಾರೆ. ಯಾರು ಎಷ್ಟು ಹೊತ್ತು ಮಾತಾಡಬೇಕು, ಯಾವ ನೋಟಿಸ್ ತೆಗೆದುಕೊಳ್ಳಬೇಕು, ಯಾವುದನ್ನು ಕಡತದಿಂದ ತೆಗೆಯಬೇಕು ಎಂಬುದೆಲ್ಲ ಸ್ಪೀಕರ್ ತೀರ್ಮಾನ. ಪಕ್ಷಾಂತರ ಮಾಡಿದವರ ಅನರ್ಹತೆಯ ದೂರು ಹೋಗುವುದೂ ಅವರ ಮುಂದೆಯೇ.

ಸಾಮಾನ್ಯವಾಗಿ ಸ್ಪೀಕರ್ ಮತ ಹಾಕುವುದಿಲ್ಲ. ಎರಡೂ ಕಡೆ ಸಮ ಮತ ಬಿದ್ದರೆ ಮಾತ್ರ ಅವರದು ನಿರ್ಣಾಯಕ ಮತ. 1982ರಲ್ಲಿ ಸ್ಪೀಕರ್ ಎ.ಸಿ. ಜೋಸ್ ಹೀಗೆ ಮತ್ತೆ ಮತ್ತೆ ಮತ ಹಾಕಿ ಕೆ. ಕರುಣಾಕರನ್ ಸರ್ಕಾರವನ್ನು ಉಳಿಸಿದ್ದರು. ಆದರೂ ಆ ಸರ್ಕಾರ ಮಾರ್ಚಿನವರೆಗಷ್ಟೇ ಬಾಳಿತು.

ಕಲಾಪ ನಡೆಯಲು ಹತ್ತನೇ ಒಂದು ಭಾಗ ಸದಸ್ಯರಾದರೂ ಇರಬೇಕು. ಕೇರಳದ ಲೆಕ್ಕದಲ್ಲಿ ಅದು 14. ಒಂದು ಅಧಿವೇಶನದ ಕೊನೆಯ ದಿನದಿಂದ ಇನ್ನೊಂದರ ಮೊದಲ ದಿನಕ್ಕೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಕೂಡದು. ವರ್ಷದ ಮೊದಲ ಅಧಿವೇಶನ ಶುರುವಾಗುವುದು ರಾಜ್ಯಪಾಲರ ಭಾಷಣದಿಂದ. ಅವರು ಓದುವುದು ಸಂಪುಟ ಒಪ್ಪಿದ ಭಾಷಣ.

ಮಾತಾಡಿದ್ದೆಲ್ಲ ಒಂದೇ ಅಲ್ಲ

ದಿನದ ಕಲಾಪದ ಮೊದಲ ಒಂದು ಗಂಟೆ ಪ್ರಶ್ನೋತ್ತರಕ್ಕೆ ಮೀಸಲು. ಪ್ರಶ್ನೆಯನ್ನು ಮೊದಲೇ ಲಿಖಿತವಾಗಿ ಕೊಡಬೇಕು. ನಕ್ಷತ್ರ ಗುರುತು ಇರುವ ಪ್ರಶ್ನೆಗೆ ಮಂತ್ರಿ ಎದ್ದುನಿಂತು ಉತ್ತರ ಹೇಳಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಗುರುತು ಇಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ. ಟಿವಿಯಲ್ಲಿ ಕಾಣದಿದ್ದರೂ ಊರಿನ ಕೆಲಸಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದು ಈ ಎರಡನೇ ಜಾತಿಯ ಪ್ರಶ್ನೆ. "ಕಾಸರಗೋಡು ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಎಷ್ಟು ಹುದ್ದೆ ಖಾಲಿ, ಎಂದಿನಿಂದ ಖಾಲಿ" ಎಂದು ಕೇಳಿದರೆ ಇಲಾಖೆ ಲೆಕ್ಕ ತೆಗೆಯಲೇಬೇಕು. ಮಂತ್ರಿಯ ಸಹಿಯೊಂದಿಗೆ ಬಂದ ಆ ಲೆಕ್ಕವನ್ನು ನಾಳೆ ಯಾವ ಅಧಿಕಾರಿಯೂ "ಹಾಗೇನಿಲ್ಲ" ಅನ್ನುವಂತಿಲ್ಲ.

ಪ್ರಶ್ನೋತ್ತರ ಮುಗಿದ ಮೇಲೆ ಶೂನ್ಯವೇಳೆ. ಕೇರಳದ ಸುದ್ದಿಗಳಲ್ಲಿ ಆಗಾಗ ಕೇಳಿಬರುವ "ರೂಲ್ 50 ನೋಟಿಸ್" ಅಂದರೆ ನಿಲುವಳಿ ಸೂಚನೆ. ಅಂದಿನ ಕಾರ್ಯಕಲಾಪ ಬದಿಗಿಟ್ಟು ತುರ್ತು ವಿಷಯ ಚರ್ಚಿಸಿ ಎಂದು ವಿರೋಧ ಪಕ್ಷ ಕೇಳುತ್ತದೆ, ಮಂತ್ರಿ ಉತ್ತರಿಸುತ್ತಾರೆ, ಅನುಮತಿ ಸಿಗದಿದ್ದರೆ ಸಭಾತ್ಯಾಗ. ಗಲಾಟೆ ಕಾಣುವುದು ಹೆಚ್ಚಾಗಿ ಇಲ್ಲಿಯೇ.

ಇದಲ್ಲದೆ ಗಮನ ಸೆಳೆಯುವ ಸೂಚನೆ ಇದೆ. "ಸಬ್ಮಿಷನ್" ಎಂಬ ಇನ್ನೊಂದು ದಾರಿಯೂ ಇದೆ. ತನ್ನ ಕ್ಷೇತ್ರದ ಒಂದು ಸೇತುವೆ, ಒಂದು ಆಸ್ಪತ್ರೆ, ಎಂಡೋಸಲ್ಫಾನ್ ಪೀಡಿತರ ಬಾಕಿ ಪರಿಹಾರ, ಹೀಗೆ ಒಂದೇ ವಿಷಯವನ್ನು ಚಿಕ್ಕದಾಗಿ ಹೇಳಿ ಮಂತ್ರಿಯಿಂದ ಉತ್ತರ ಪಡೆಯಲು ಇದು ಸುಲಭದ ದಾರಿ.

ಮಂತ್ರಿ ಸಭೆಯಲ್ಲಿ "ಮಾಡಿಕೊಡುತ್ತೇವೆ" ಎಂದರೆ ಅದು ಭರವಸೆ. ಅಂಥ ಮಾತುಗಳನ್ನು ಪಟ್ಟಿಮಾಡಿ, ಕೆಲಸ ಆಯಿತೋ ಇಲ್ಲವೋ ಎಂದು ಬೆನ್ನು ಹತ್ತುವುದಕ್ಕೇ ಭರವಸೆಗಳ ಸಮಿತಿ ಇದೆ. ಸಭೆಯ ಹೊರಗೆ ವೇದಿಕೆಯಲ್ಲಿ ಕೊಟ್ಟ ಮಾತಿಗೆ ಈ ಬಂಧನ ಇಲ್ಲ.

ಮಸೂದೆ ಕಾನೂನಾಗುವ ದಾರಿ

ಕಾನೂನಿನ ಕರಡಿಗೆ ಮಸೂದೆ ಎಂದು ಹೆಸರು. ಮಂತ್ರಿ ಮಂಡಿಸಿದ ಮೇಲೆ ಕೇರಳದಲ್ಲಿ ಅದು ವಿಷಯ ಸಮಿತಿಗೆ ಹೋಗುತ್ತದೆ. ದೇಶದಲ್ಲೇ ಮೊದಲು, 1980ರಲ್ಲಿ, ಇಂಥ ಸಮಿತಿಗಳನ್ನು ಮಾಡಿದ ಹೆಮ್ಮೆ ಕೇರಳದ್ದು. ಆಗ ಹತ್ತು ಇದ್ದವು, ಆಮೇಲೆ 14 ಆದವು. ಆಡಳಿತ, ವಿರೋಧ ಎರಡೂ ಪಕ್ಷದ ಶಾಸಕರು ಅದರಲ್ಲಿರುತ್ತಾರೆ, ಸಂಬಂಧಪಟ್ಟ ಮಂತ್ರಿ ಅಧ್ಯಕ್ಷತೆ ವಹಿಸುತ್ತಾರೆ. ದೊಡ್ಡ ವಿಷಯವಾದರೆ ಸೆಲೆಕ್ಟ್ ಸಮಿತಿಗೆ ಒಪ್ಪಿಸುವುದುಂಟು. ಅಂಥ ಸಮಿತಿ ಜಿಲ್ಲೆಗಳಿಗೆ ಬಂದು ಜನರ ಅಭಿಪ್ರಾಯ ಕೇಳುವುದೂ ಉಂಟು. ವರದಿ ಬಂದ ನಂತರ ಸಭೆಯಲ್ಲಿ ಒಂದೊಂದೇ ಕಲಮು ಓದಿ, ತಿದ್ದುಪಡಿಗಳಿಗೆ ಮತ ಹಾಕಿ, ಕೊನೆಗೆ ಇಡೀ ಮಸೂದೆಯನ್ನು ಅಂಗೀಕರಿಸುತ್ತಾರೆ.

ಅಲ್ಲಿಂದ ಅದು ರಾಜ್ಯಪಾಲರ ಬಳಿಗೆ. ಅವರು ಒಪ್ಪಬಹುದು, ಮರುಪರಿಶೀಲನೆಗೆ ಹಿಂದೆ ಕಳಿಸಬಹುದು, ಇಲ್ಲವೇ ರಾಷ್ಟ್ರಪತಿಗೆ ಕಾದಿರಿಸಬಹುದು.

ಗಡಿನಾಡ ಕನ್ನಡಿಗರಿಗೆ ಈ ದಾರಿ ಪುಸ್ತಕದ ಪಾಠ ಅಲ್ಲ, ಅನುಭವಕ್ಕೆ ಬಂದ ಸಂಗತಿ. 2015ರ ಡಿಸೆಂಬರಿನಲ್ಲಿ ಮಲಯಾಳ ಭಾಷಾ ಮಸೂದೆಯನ್ನು ಸಭೆ ಅಂಗೀಕರಿಸಿತು. ಅದು ರಾಷ್ಟ್ರಪತಿಯವರೆಗೆ ಹೋಯಿತು, ಆದರೆ ಒಪ್ಪಿಗೆ ಸಿಗದೆ ಕಾನೂನಾಗಲಿಲ್ಲ. 2017ರ ಏಪ್ರಿಲಿನಲ್ಲಿ ಶಾಲೆಗಳಲ್ಲಿ ಹತ್ತನೇ ತರಗತಿವರೆಗೆ ಮಲಯಾಳ ಕಲಿಕೆ ಕಡ್ಡಾಯ ಮಾಡಿ ಸುಗ್ರೀವಾಜ್ಞೆ ಬಂತು. ಸಭೆ ಸೇರದ ಸಮಯದಲ್ಲಿ ಸರ್ಕಾರ ತರುವ ತಾತ್ಕಾಲಿಕ ಕಾನೂನು ಅದು. ಸಭೆ ಮತ್ತೆ ಸೇರಿದ ಆರು ವಾರಗಳೊಳಗೆ ಒಪ್ಪಿಗೆ ಸಿಗದಿದ್ದರೆ ಬಿದ್ದುಹೋಗುತ್ತದೆ. ಇಲ್ಲಿ ಹಾಗಾಗಲಿಲ್ಲ, ಅದೇ ವರ್ಷ ಸಭೆ ಅದನ್ನು ಕಾಯ್ದೆ ಮಾಡಿತು. ಕಾಸರಗೋಡಿನಲ್ಲಿ ಪ್ರತಿಭಟನೆ ನಡೆಯಿತು. 2025ರ ಅಕ್ಟೋಬರಿನಲ್ಲಿ ಇನ್ನೊಂದು ಮಲಯಾಳ ಭಾಷಾ ಮಸೂದೆಯನ್ನು ಸಭೆ ಅಂಗೀಕರಿಸಿತು. ಅದನ್ನು ವಿರೋಧಿಸಿ 2026ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾಗಿ ಸಿದ್ದರಾಮಯ್ಯ ಕೇರಳಕ್ಕೆ ಪತ್ರ ಬರೆದರು.

ಮೂರೂ ಸಲ ಕೂಗು ಜೋರಾಗಿ ಕೇಳಿಸಿದ್ದು ಆಜ್ಞೆ ಹೊರಟ ಮೇಲೆ, ಇಲ್ಲವೇ ಸಭೆಯಲ್ಲಿ ಕೈ ಎತ್ತಿ ಆದ ಮೇಲೆ. ಆಗ ರಾಜ್ಯಪಾಲರ ಮನೆ ಬಾಗಿಲು ತಟ್ಟುವುದು, ಕೋರ್ಟಿಗೆ ಹೋಗುವುದು ಬಿಟ್ಟರೆ ಬೇರೆ ದಾರಿ ಕಡಿಮೆ. ಒಂದು ಕಲಮಿನಲ್ಲಿ "ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಇದು ಅನ್ವಯಿಸದು" ಎಂಬ ಒಂದು ಸಾಲು ಸೇರಿಸುವುದು ಸುಲಭವಾಗುವುದು ಮಸೂದೆ ಸಮಿತಿಯ ಮೇಜಿನ ಮೇಲಿರುವಾಗ.

ಹಾಗಂತ ಸಭೆ ಯಾವತ್ತೂ ನಮಗೆ ವಿರೋಧವಾಗಿಯೇ ಇತ್ತು ಎನ್ನಲಾಗದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೂ ಇದೇ ಸಭೆಯದ್ದು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳಿಗೂ ಸೆಕ್ರೆಟರಿಯೇಟಿಗೂ ತಮ್ಮ ಭಾಷೆಯಲ್ಲೇ ಪತ್ರ ಬರೆದು, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶ ಆ ಕಾಯ್ದೆಯಲ್ಲಿದೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸಬಹುದು ಎಂದು ಸಂವಿಧಾನದ 350ನೇ ವಿಧಿಯೂ ಹೇಳುತ್ತದೆ. "ಮಲಯಾಳದಲ್ಲಿ ಬರ್ದು ತನ್ನಿ" ಎಂದು ಕೌಂಟರಿನಲ್ಲಿ ಹೇಳಿದರೆ ಅದು ಕಾನೂನಿನ ಮಾತಲ್ಲ.

ಹಣದ ಮೇಲೆ ಹಿಡಿತ

ಸಭೆ ಒಪ್ಪದೆ ಸರ್ಕಾರ ಖಜಾನೆಯಿಂದ ಹಣ ತೆಗೆಯುವಂತಿಲ್ಲ. ಬಜೆಟ್ ಮಂಡನೆಯ ನಂತರ ಸಾಮಾನ್ಯ ಚರ್ಚೆ ಆಗುತ್ತದೆ. ಬಳಿಕ ಪ್ರತಿ ಇಲಾಖೆಯ ಬೇಡಿಕೆಯನ್ನು ವಿಷಯ ಸಮಿತಿಗಳು ನೋಡುತ್ತವೆ. ಆಮೇಲೆ ಸಭೆಯಲ್ಲಿ ಮತ, ಕೊನೆಗೆ ಧನವಿನಿಯೋಗ ಮಸೂದೆ. ಖರ್ಚಾದ ಮೇಲೆ ಮಹಾಲೇಖಪಾಲರ ವರದಿ ಇಟ್ಟುಕೊಂಡು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅಧಿಕಾರಿಗಳನ್ನು ಕರೆದು ಕೇಳುತ್ತದೆ. ಕನ್ನಡ ಪಠ್ಯಪುಸ್ತಕದ ಅಚ್ಚಿಗೋ ಅನುವಾದಕರ ಹುದ್ದೆಗೋ ಹಣ ಬೇಕೆಂದರೆ ಆ ಮಾತು ಇಲಾಖೆಯ ಕಿವಿಗೆ ಬೀಳಬೇಕಾದ್ದು ಬಜೆಟ್ ತಯಾರಾಗುವ ಮೊದಲು.

ಬೇರೆ ಗಡಿಗಳಲ್ಲಿ

ಗಡಿಯಾಚೆಯ ಉಳಿದ ಕನ್ನಡಿಗರಿಗೂ ಈ ಚೌಕಟ್ಟು ಹೆಚ್ಚುಕಡಿಮೆ ಇದೇ. ಹೊಸೂರು, ತಾಳವಾಡಿಯವರ ತಮಿಳುನಾಡಿನಲ್ಲಿ 234 ಸ್ಥಾನದ ಒಂದೇ ಸದನ, 1986ರಲ್ಲಿ ಅಲ್ಲಿ ಮೇಲ್ಮನೆ ರದ್ದಾಯಿತು. ಅಕ್ಕಲಕೋಟೆ, ಜತ್ತದವರ ಮಹಾರಾಷ್ಟ್ರದಲ್ಲಿ 288ರ ವಿಧಾನಸಭೆ, 78ರ ಪರಿಷತ್ತು. ಆದೋನಿ, ರಾಯದುರ್ಗ, ಮಡಕಶಿರಾ ಕ್ಷೇತ್ರಗಳಿರುವ ಆಂಧ್ರದಲ್ಲಿ 175. ಗೋವಾದಲ್ಲಿ ಬರೇ 40. ನಿಯಮಗಳ ಸಂಖ್ಯೆ, ಸಮಿತಿಗಳ ಹೆಸರು ಬೇರೆ ಇರಬಹುದು. ಪ್ರಶ್ನೆ, ಗಮನ ಸೆಳೆಯುವ ಸೂಚನೆ, ಅರ್ಜಿ ಸಮಿತಿ, ಭರವಸೆ ಸಮಿತಿ ಎಂಬ ದಾರಿಗಳನ್ನು ಅಲ್ಲಿಯೂ ಕೇಳಿ ತಿಳಿದುಕೊಳ್ಳಬಹುದು.

ಊರವರು ಮಾಡಬಹುದಾದ್ದು

ಶಾಸಕರಿಗೆ ಮನವಿ ಕೊಡುವಾಗ ಹಾರ ಹಾಕಿ ಫೋಟೋ ತೆಗೆದು ಬಂದರೆ ಕೆಲಸ ಆಗದು. ಶಾಲೆಯ ಹೆಸರು, ತರಗತಿ, ಹುದ್ದೆ, ಖಾಲಿ ಬಿದ್ದ ದಿನಾಂಕ, ಮೊದಲು ಕೊಟ್ಟ ಅರ್ಜಿಯ ನಂಬರು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಅದೇ ಪ್ರಶ್ನೆಯಾಗಿ ಸಭೆಗೆ ಹೋಗಬಹುದು. ಅಧಿವೇಶನಕ್ಕೆ ಮೊದಲೇ ಕೊಡಬೇಕು, ನಡುವೆ ಕೊಟ್ಟರೆ ನೋಟಿಸಿನ ಸಮಯ ಮೀರಿರುತ್ತದೆ. ಯಾವ ಪಕ್ಷದ ಶಾಸಕರಾದರೂ ಕೇಳಬಹುದು, ಪಕ್ಕದ ಕ್ಷೇತ್ರದವರೂ ಕೇಳಬಹುದು. ಸಭೆಯ ಅರ್ಜಿ ಸಮಿತಿಗೂ ಬರೆಯಬಹುದು. ಆ ಸಮಿತಿ ಜಿಲ್ಲೆಗಳಿಗೆ ಬಂದು ಬೈಠಕ್ ನಡೆಸುವುದುಂಟು, ಆಗ ಅಧಿಕಾರಿಗಳ ಎದುರೇ ಹೇಳಿಕೊಳ್ಳಬಹುದು.

2020ರಲ್ಲಿ ಶುರುವಾದ ಸಭಾ ಟಿವಿಯಲ್ಲಿ ಕಲಾಪ ಮನೆಯಲ್ಲೇ ಕೂತು ನೋಡಬಹುದು. ನಮ್ಮ ಶಾಸಕರು ಏನು ಕೇಳಿದರು, ಮಂತ್ರಿ ಏನು ಹೇಳಿದರು ಎಂದು ಬರೆದಿಟ್ಟುಕೊಳ್ಳುವ ಒಬ್ಬರಾದರೂ ಪ್ರತಿ ಕನ್ನಡ ಸಂಘದಲ್ಲಿ ಇದ್ದರೆ, ಮುಂದಿನ ಮಸೂದೆ ಬರುವಾಗ ಕಾಸರಗೋಡಿಗೆ ಸುದ್ದಿ ತಡವಾಗಿ ತಲುಪುವುದು ತಪ್ಪುತ್ತದೆ.