ಬಿಸಿಲಿಗೆ ಹೊಗೆ ತಿನ್ನುವ ಬಣ್ಣ

ಮಂಡ್ಯ ಜಿಲ್ಲೆಯ ಗಣಂಗೂರು ಟೋಲ್ ಬಳಿ ಲಾರಿಗಳು ನಿಂತು, ಗೇರ್ ಬದಲಿಸಿ, ಮತ್ತೆ ಹೊರಡುತ್ತವೆ. ಆಗ ಡೀಸೆಲ್ ಹೊಗೆಯ ಜತೆ ಕಣ್ಣಿಗೆ ಬೀಳದ ನೈಟ್ರೋಜನ್ ಆಕ್ಸೈಡ್‌ ಕೂಡ ಗಾಳಿ ಸೇರುತ್ತದೆ. ಶ್ರೀರಂಗಪಟ್ಟಣದ ಪಕ್ಕದಲ್ಲೇ ಬೆಂಗಳೂರು–ಮೈಸೂರು ಹೆದ್ದಾರಿ. ನಾಗಮಂಗಲ, ಪಾಂಡವಪುರದ ಮೇಲೆ ಜೇವರ್ಗಿ–ಚಾಮರಾಜನಗರ ಹೆದ್ದಾರಿ. ಈ ಅನಿಲವನ್ನು ರಸ್ತೆ ಬದಿಯ ಗೋಡೆಗೆ ಬಳಿದ ಬಣ್ಣವೇ ಕರಗಿಸಬಲ್ಲದೇ?

ಒಂದಿಷ್ಟು ಮಟ್ಟಿಗೆ ಹೌದು. ಬಣ್ಣಕ್ಕೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್‌ನ ಅನಟೇಸ್ ಎಂಬ ರೂಪದ ಮೇಲೆ ಅತಿನೇರಳೆ ಕಿರಣ ಬಿದ್ದರೆ ಎಲೆಕ್ಟ್ರಾನ್ ಜಿಗಿಯುತ್ತದೆ. ಗಾಳಿಯ ತೇವ, ಆಮ್ಲಜನಕದ ಜತೆ ಸೇರಿ ಚುರುಕಾದ ಕಣಗಳು ಹುಟ್ಟಿ, ನೈಟ್ರೋಜನ್ ಆಕ್ಸೈಡನ್ನು ನೈಟ್ರೇಟ್ ಆಗಿಸುತ್ತವೆ. ಟೈಟಾನಿಯಂ ಡೈಆಕ್ಸೈಡ್ ಮಾತ್ರ ಖರ್ಚಾಗುವುದಿಲ್ಲ. ಜಪಾನಿನ ಫುಜಿಶಿಮಾ ಮತ್ತು ಹೋಂಡಾ 1972ರಲ್ಲಿ ಇದೇ ವಸ್ತು ಬೆಳಕಿನ ಬಲದಿಂದ ನೀರನ್ನು ಒಡೆಯುವುದನ್ನು ತೋರಿಸಿದ್ದರು. 2003ರಲ್ಲಿ ಮುಗಿದ ರೋಮ್‌ನ ಜುಬಿಲಿ ಚರ್ಚ್‌ನ ಕಾಂಕ್ರೀಟಿನಲ್ಲೂ ಇದೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಎಸ್. ಹೆಗ್ಡೆ, ಗಿರಿಧರ್ ಮದ್ರಾಸ್ ತಂಡ ದಹನ ವಿಧಾನದಿಂದ ಇದರ ನ್ಯಾನೋ ಪುಡಿ ತಯಾರಿಸಿ, ಬಿಸಿಲಿನಲ್ಲಿ ನೀರಿನ ಬಣ್ಣದ ಕೊಳೆ ಕಳೆಯಬಹುದೆಂದು ತೋರಿಸಿತು.

ಆದರೆ ಮಂಡ್ಯದ ಬೇಸಿಗೆ ಈ ಬಣ್ಣಕ್ಕೆ ಅರ್ಧ ಮಿತ್ರ, ಅರ್ಧ ಶತ್ರು. ಬಿಸಿಲೇನೋ ಧಾರಾಳ, ಗೋಡೆಯ ಮೇಲೆ ಕೂತ ನೈಟ್ರೇಟನ್ನು ತೊಳೆಯಲು ಮಳೆ ಬಾರದ ದಿನಗಳೇ ಹೆಚ್ಚು. ಮೇಲೆ ದೂಳು ಕೂತರೆ ಬೆಳಕು ಒಳಗೆ ತಲುಪದು. ಬೇಬಿ ಬೆಟ್ಟದ ಕ್ರಷರ್‌ಗಳ ಕಲ್ಲುಪುಡಿ ಅನಿಲವಲ್ಲ, ಬೆಳಕಿಗೆ ಅದು ಕರಗುವುದಿಲ್ಲ; ಅಲ್ಲಿ ನೀರು ಸಿಂಪಡಣೆ, ಮುಚ್ಚಿದ ಶೆಡ್‌ಗಳೇ ಮದ್ದು. ಕೆಆರ್‌ಎಸ್ ಸುತ್ತ, ಬೇಬಿ ಬೆಟ್ಟವೂ ಸೇರಿದ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ಬೇಡವೆಂದು ಹೈಕೋರ್ಟ್ 2024ರ ಜನವರಿಯಲ್ಲಿ ಆದೇಶಿಸಿದ್ದು ಅಣೆಕಟ್ಟೆಯ ಸುರಕ್ಷತೆಗಾಗಿ. ಗಣಿ ನಿಂತರೆ ದೂಳೂ ತಗ್ಗುತ್ತದೆ.

ಕೆ.ಆರ್. ಪೇಟೆಯ ಆಲೆಮನೆಗಳ ಮಾತೂ ಅಷ್ಟೇ. ಒಣಗಿದ ಕಬ್ಬಿನ ಸಿಪ್ಪೆಗೆ ಸಾಕಷ್ಟು ಗಾಳಿ ಸಿಕ್ಕಿ ಚೆನ್ನಾಗಿ ಉರಿದರೆ ಹೊಗೆ ಕಡಿಮೆ. ಹಸಿ ಸಿಪ್ಪೆ, ಹಳೇ ಟೈರು ತುರುಕಿದರೆ ಏಳುವ ಮಸಿಯನ್ನು ಯಾವ ಬಣ್ಣವೂ ತಡೆಯದು.

ಬ್ರಿಟನ್ನಿನ ವಾಯುಗುಣಮಟ್ಟ ತಜ್ಞರ ಗುಂಪು 2016ರಲ್ಲಿ, ಇಂಥ ಲೇಪನದಿಂದ ಊರಿನ ಗಾಳಿ ಗಣನೀಯವಾಗಿ ಶುದ್ಧವಾದೀತೆಂಬುದಕ್ಕೆ ಪುರಾವೆ ಸಾಲದು ಎಂದಿತು. ಹಾಗಾಗಿ ಟೋಲ್ ಬೂತು, ಕೆಳಸೇತುವೆಯ ಬಿಸಿಲು ಬೀಳುವ ಬಾಯಿಯಂಥ ಕಡೆ ಪರೀಕ್ಷಿಸಿ, ಕಾಲಕಾಲಕ್ಕೆ ತೊಳೆದು, ಗಾಳಿ ಅಳೆದು ನೋಡಲಿ. ಹೊಗೆ ಹುಟ್ಟುವಲ್ಲೇ ತಡೆಯುವ ಹೊಣೆಯನ್ನು ಮಾತ್ರ ಗೋಡೆಗೆ ವಹಿಸುವಂತಿಲ್ಲ.