ಕಾಣದ ಬೆಳಕಿನ ಮುದ್ರಣ

1800ರಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಅವರು ಅಶ್ರಗದ ಮೂಲಕ ಸೂರ್ಯಪ್ರಕಾಶವನ್ನು ಹಾಯಿಸಿ, ಬೇರೆ ಬೇರೆ ಬಣ್ಣಗಳಲ್ಲಿ ಉಷ್ಣತಾಮಾಪಕವನ್ನಿಟ್ಟು ಪರೀಕ್ಷಿಸಿದರು. ಕೆಂಪು ಮುಗಿದು ಏನೂ ಕಾಣದಿದ್ದ ಎಡೆಯಲ್ಲಿ ಉಷ್ಣತೆ ಇನ್ನೂ ಹೆಚ್ಚಾಗಿದ್ದಿತು. ಅಲ್ಲಿಯೂ ಕಿರಣಗಳಿದ್ದವು, ಅವನ್ನು ಕಾಣುವ ಶಕ್ತಿ ಮನುಷ್ಯನ ಕಣ್ಣಿಗಿರಲಿಲ್ಲ. ಇವೇ ಅವಕೆಂಪು ಕಿರಣಗಳು.

ಈ ಕಾಣದ ಬೆಳಕಿನಿಂದ ಕಾಗದದ ಮೇಲೆ ಅಕ್ಷರ ಮೂಡಿಸಬಹುದೆ? 1986ರಲ್ಲಿ ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯು ಹೊರತಂದ ಎಚ್‌ಪಿ-18ಸಿ ಎಂಬ ಕ್ಯಾಲ್ಕುಲೇಟರ್ ಆ ಕೆಲಸವನ್ನು ಮಾಡಿತು. ಅದರ ಅಂಚಿನಲ್ಲೊಂದು ಪುಟ್ಟ ಅವಕೆಂಪು ದೀಪ; ಸುಮಾರು ಒಂದೂವರೆ ಅಡಿಯೊಳಗೆ ಎದುರಿಗಿಟ್ಟ ಮುದ್ರಕದಲ್ಲಿ ಅದನ್ನು ಗ್ರಹಿಸುವ ಕಣ್ಣು. ನಡುವೆ ತಂತಿಯಿಲ್ಲ. ದೀಪವು ಮಿನುಗುವ ಕಾಲವನ್ನು ಹಿಂದುಮುಂದು ಮಾಡಿ 0 ಮತ್ತು 1 ಎಂಬ ಎರಡು ಸಂಕೇತಗಳನ್ನು ಕಳುಹಿಸುತ್ತಿದ್ದಿತು. ಅಕ್ಷರಗಳೂ ಅಂಕೆಗಳೂ ಈ ಎರಡರಿಂದಲೇ ಆಗಬೇಕು.

ಇಲ್ಲಿಯೇ ಅಪಾಯವೂ ಅಡಗಿದೆ. ಗಣಕಗಳ ರೂಢಿಯ ಲಿಪಿಯಲ್ಲಿ 7 ಎಂಬ ಅಂಕೆಯ ಸಂಕೇತ 00110111. 3ರ ಸಂಕೇತ 00110011. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಸ್ಥಾನದ್ದು. ಯಾರದೋ ಕೈ ಅಡ್ಡ ಬಂದು ಒಂದು 1, ಸೊನ್ನೆಯೆಂದು ಓದಲ್ಪಟ್ಟರೆ ಏಳು ಸಾವಿರದ ಲೆಕ್ಕ ಮೂರು ಸಾವಿರವಾದೀತು! ನೋಡುವವರಿಗೆ ಅನುಮಾನವೂ ಬಾರದು. ಆದುದರಿಂದ ಪ್ರತಿ ಎಂಟು ಸಂಕೇತಗಳೊಡನೆ ಇನ್ನೂ ನಾಲ್ಕು ಕಾವಲು ಸಂಕೇತಗಳನ್ನು ಕಳುಹಿಸುವ ಏರ್ಪಾಡು ಮಾಡಿದರು. ಒಂದೆರಡು ಕಳೆದುಹೋದರೆ ಉಳಿದವುಗಳಿಂದ ಮುದ್ರಕವೇ ಅವನ್ನು ತುಂಬಿಕೊಳ್ಳುತ್ತಿದ್ದಿತು.

ಆದರೂ ಇದು ಒಮ್ಮುಖದ ಮಾತು. ಕ್ಯಾಲ್ಕುಲೇಟರಿಗೆ ಬಾಯಿಯುಂಟು, ಕಿವಿಯಿಲ್ಲ. ಮುದ್ರಕಕ್ಕೆ ಕಿವಿಯುಂಟು, ಬಾಯಿಯಿಲ್ಲ. ಕಾಗದ ಮುಗಿದಿದ್ದರೂ ಕ್ಯಾಲ್ಕುಲೇಟರ್ ತನ್ನ ಪಾಡಿಗೆ ತಾನು ಹೇಳುತ್ತಲೇ ಇರುತ್ತಿದ್ದಿತು. ಮುದ್ರಕಕ್ಕೆ ಬಿಡುವು ದೊರೆಯಲೆಂದು ಸಾಲು ಸಾಲಿಗೂ ಕೊಂಚ ತಡೆಯುವುದಷ್ಟೇ ಅದು ತೋರಬಲ್ಲ ದಾಕ್ಷಿಣ್ಯ.

ಈ ಕೊರತೆಗೆ ಪರಿಹಾರವೂ ಬಂದಿತು. 1993ರಲ್ಲಿ ಹಲವು ಸಂಸ್ಥೆಗಳು ಕೂಡಿ ‘ಐಆರ್‌ಡಿಎ’ ಎಂಬ ಸಂಘವನ್ನು ಕಟ್ಟಿ, ಮರುವರ್ಷ ಸಮಾನ ನಿಯಮಗಳನ್ನು ರೂಪಿಸಿದವು. ಈಗ ಎರಡೂ ಕಡೆ ದೀಪ, ಎರಡೂ ಕಡೆ ಕಣ್ಣು. 1995ರ ಲೇಸರ್‌ಜೆಟ್ 5ಪಿ ಮುದ್ರಕದಲ್ಲಿ ಇಂತಹ ಕಿಂಡಿಯಿದ್ದಿತು. ಲ್ಯಾಪ್‌ಟಾಪ್ ಮೊದಲು ಸೆಕೆಂಡಿಗೆ 9,600 ಸಂಕೇತಗಳ ನಿಧಾನಗತಿಯಲ್ಲಿ ಕರೆಯುತ್ತದೆ. ಮುದ್ರಕ ಓಗೊಟ್ಟರೆ ಎರಡೂ ಒಪ್ಪಿ 1,15,200ರ ವೇಗಕ್ಕೂ ಏರಬಲ್ಲವು. ಕಳುಹಿಸಿದ ಕಂತು ಕೆಟ್ಟಿದ್ದರೆ ಮತ್ತೆ ಕಳುಹಿಸಲಾಗುತ್ತದೆ. ಒಂದು ವಿಶೇಷವುಂಟು: ಮಾತನಾಡುವಾಗ ತನ್ನದೇ ಬೆಳಕು ತನ್ನ ಕಣ್ಣನ್ನು ಕೋರೈಸುವುದರಿಂದ, ಎರಡೂ ಒಮ್ಮೆಲೇ ಮಾತನಾಡುವಂತಿಲ್ಲ. ಒಂದು ಸುಮ್ಮನಾದ ಮೇಲೆಯೇ ಇನ್ನೊಂದರ ಸರದಿ. ತರಗತಿಗಳಲ್ಲಿಯೂ ಅಪರೂಪವಾದ ಶಿಸ್ತು ಇದು!

ಒಂದು ಮೀಟರಿನಷ್ಟು ದೂರ, ಎದುರುಬದುರು ಮುಖ — ಇವು ತಪ್ಪಿದರೆ ಮುದ್ರಣವಿಲ್ಲ. ಗೋಡೆಯನ್ನು ದಾಟದ ಈ ಬೆಳಕಿನ ಮಾತು ಪಕ್ಕದ ಕೋಣೆಗೆ ಕೇಳದೆಂಬುದು ಒಂದು ಅನುಕೂಲವೇ. ಆದರೆ ಜನ ಮೆಚ್ಚಿದ್ದು ಎತ್ತ ತಿರುಗಿದ್ದರೂ ತಲುಪುವ ರೇಡಿಯೊ ಅಲೆಗಳನ್ನು. ಬ್ಲೂಟೂತ್, ವೈಫೈಗಳು ಹರಡಿದಂತೆ ಮುದ್ರಕಗಳಿಂದ ಆ ಕಿಂಡಿ ಮರೆಯಾಯಿತು. ಅವಕೆಂಪು ದೀಪ ಇಂದಿಗೂ ಅನೇಕ ಟೆಲಿವಿಷನ್ ರಿಮೋಟ್‌ಗಳ ತುದಿಯಲ್ಲಿದೆ. ಅದೂ ಒಮ್ಮುಖದ್ದೇ, ಮಾತು ತಲುಪಿತೇ ಇಲ್ಲವೇ ಎಂದು ನೋಡಿಕೊಳ್ಳುವ ಕೆಲಸ ಗುಂಡಿ ಒತ್ತಿದವರದು.