ಹಲ್ಲಿನ ಕಲೆ ಮತ್ತು ವಿಜ್ಞಾನ ಪತ್ರಿಕೆ

ಬಳ್ಳಾರಿ ನಗರದ ಒಡಲಿನಲ್ಲಿಯೇ ಬೃಹತ್ತಾದ ಬಂಡೆಯ ಬೆಟ್ಟವೊಂದು ತಲೆಯೆತ್ತಿ ನಿಂತಿದೆ. ಅಲ್ಲಿಂದ ವಾಯವ್ಯಕ್ಕೆ ಹೊರಟವರಿಗೆ ಕುರುಗೋಡಿನ ಕಲ್ಲುಗುಡ್ಡಗಳು ಎದುರಾಗುತ್ತವೆ. ಉತ್ತರಕ್ಕೆ ಸಾಗಿದವರಿಗೆ ತುಂಗಭದ್ರೆಯ ಕಾಲುವೆಯ ನೀರುಂಡು ಹಸುರಾಗಿರುವ ಸಿರುಗುಪ್ಪದ ಭತ್ತದ ಗದ್ದೆಗಳು ಕಾಣುತ್ತವೆ. ಮೇಲೆ ಕಲ್ಲು, ಕೆಳಗೆ ನೀರು. ನೆಲದೊಳಗೆ ಈ ಎರಡಕ್ಕೂ ಇರುವ ನಂಟು ಕಣ್ಣಿಗೆ ಕಾಣಿಸುವಂಥದಲ್ಲ. ಆದರೆ ಈ ಜಿಲ್ಲೆಯ ಕೆಲವು ಊರುಗಳಲ್ಲಿ ಅದು ಮಕ್ಕಳ ಹಲ್ಲುಗಳ ಮೇಲೆ ಕಾಣಿಸಿಕೊಳ್ಳುತ್ತದೆ.

ಗ್ರಾನೈಟಿನಂತಹ ಶಿಲೆಗಳಲ್ಲಿರುವ ಕೆಲವು ಖನಿಜಗಳಲ್ಲಿ ಫ್ಲೋರಿನ್ ಎಂಬ ಧಾತು ಅಡಗಿರುತ್ತದೆ. ನೆಲದೊಳಗಿನ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತಾಗ ಅದು ಫ್ಲೋರೈಡಿನ ರೂಪದಲ್ಲಿ ಕರಗಿ ನೀರನ್ನು ಸೇರುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಸೀಮೆಯಲ್ಲಿ ಹೊಸ ನೀರು ಬಂದು ಹಳೆಯ ನೀರನ್ನು ತಿಳಿಯಾಗಿಸುವುದು ವಿರಳ. ಆದುದರಿಂದ ಫ್ಲೋರೈಡಿನ ಅಂಶ ಏರುತ್ತ ಹೋಗುತ್ತದೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡು ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಮಿತಿಯನ್ನು ವಿಧಿಸಿದೆ. ಈ ಮಿತಿಯನ್ನು ಮೀರಿದ ನೀರನ್ನು ಎಳೆಯ ಮಕ್ಕಳು ದಿನವೂ ಕುಡಿದರೆ ಮುಂದೆ ಮೂಡುವ ಅವರ ಹಲ್ಲುಗಳಲ್ಲಿ ಸುಣ್ಣದಂತಹ ಬಿಳಿಯ ಮಚ್ಚೆಗಳೂ ಕಂದು ಬಣ್ಣದ ಪಟ್ಟೆಗಳೂ ಕಾಣಿಸಿಕೊಳ್ಳಬಹುದು. ಇದನ್ನು ದಂತ ಫ್ಲೋರೋಸಿಸ್ ಎಂದು ಕರೆಯುತ್ತಾರೆ. ಎಷ್ಟು ಉಜ್ಜಿದರೂ ಈ ಕಲೆ ಹೋಗುವುದಿಲ್ಲ. ಏಕೆಂದರೆ ಅದು ಹಲ್ಲಿನ ಮೇಲೆ ಅಂಟಿದ ಕೊಳೆಯಲ್ಲ, ಹಲ್ಲು ರೂಪುಗೊಳ್ಳುವಾಗಲೇ ಅದರ ಹೊರಕವಚದಲ್ಲಿ ಉಳಿದುಹೋದ ದೋಷ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಬಹುತೇಕ ಶಾಶ್ವತ ಹಲ್ಲುಗಳ ಕವಚ ದವಡೆಯೊಳಗೆ ರೂಪುಗೊಳ್ಳುವುದು ಮಗುವಿಗೆ ಸುಮಾರು ಎಂಟು ವರ್ಷ ತುಂಬುವುದರೊಳಗಾಗಿ. ಆ ಅವಧಿಯಲ್ಲಿ ಒಳ್ಳೆಯ ನೀರು ದೊರೆತರೆ ಹಲ್ಲು ಬೆಳ್ಳಗೆ ಮೂಡುತ್ತದೆ. ಅದು ಕಳೆದ ಮೇಲೆ ನೀರನ್ನು ಬದಲಾಯಿಸಿದರೆ ಮೂಳೆಗಳಿಗೆ ಒಳಿತಾದೀತೇ ಹೊರತು ಹಲ್ಲಿನ ಕಲೆ ಅಳಿಯದು. ಆದುದರಿಂದ ತಿಳಿವಳಿಕೆ ಒಂದು ಊರನ್ನು ತಲಪಲು ಹತ್ತು ವರ್ಷ ತಡವಾದರೆ, ಆ ಊರಿನ ಒಂದು ತಲೆಮಾರಿನ ಮಕ್ಕಳಿಗೆ ಅದು ಉಪಯೋಗಕ್ಕೆ ಬಾರದೆ ಹೋಗುತ್ತದೆ. ಈ ತಿಳಿವಳಿಕೆಯನ್ನು ಒಬ್ಬರಿಂದ ಒಬ್ಬರಿಗೆ ಒಯ್ಯುವ ಸಾಧನವೇ ವಿಜ್ಞಾನ ಪತ್ರಿಕೆ.

ಈ ಕಲೆಯ ಕಾರಣ ತಿಳಿದುಬಂದ ಬಗೆ ಸ್ವಾರಸ್ಯಕರವಾಗಿದೆ. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯನು ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ವೃತ್ತಿಯನ್ನು ಆರಂಭಿಸಿದನು. ಅಲ್ಲಿ ಹುಟ್ಟಿ ಬೆಳೆದ ಅನೇಕರ ಹಲ್ಲುಗಳಲ್ಲಿ ಕಂದು ಕಲೆಗಳಿದ್ದುದನ್ನು ಕಂಡು ಅವನಿಗೆ ಆಶ್ಚರ್ಯವಾಯಿತು. ಪುಸ್ತಕಗಳಲ್ಲಿ ಹುಡುಕಿದನು, ಎಲ್ಲಿಯೂ ಅದರ ಪ್ರಸ್ತಾಪವಿರಲಿಲ್ಲ. ಮುಂದೆ ಪ್ರಸಿದ್ಧ ದಂತವಿಜ್ಞಾನಿ ಜಿ.ವಿ. ಬ್ಲ್ಯಾಕ್ ಅವನ ಜೊತೆಗೂಡಿದನು. ಅವರ ಅಧ್ಯಯನವು 1916ರಲ್ಲಿ ‘ಡೆಂಟಲ್ ಕಾಸ್ಮಾಸ್’ ಎಂಬ ದಂತವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ರೋಗಕ್ಕೆ ನೀರೇ ಕಾರಣವಿರಬೇಕೆಂಬ ಗುಮಾನಿ ಮೆಕೇಗೆ ಇದ್ದರೂ ನೀರಿನಲ್ಲಿರುವ ಯಾವ ವಸ್ತು ಎಂಬುದು ತಿಳಿಯಲಿಲ್ಲ. 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನ ವಿಜ್ಞಾನಿ ಎಚ್.ವಿ. ಚರ್ಚಿಲ್, ಇಂತಹುದೇ ಕಲೆಗಳಿದ್ದ ಇನ್ನೊಂದು ಊರಿನ ನೀರನ್ನು ಪರೀಕ್ಷಿಸಿದಾಗ ಅದರಲ್ಲಿ ಫ್ಲೋರೈಡು ಅತಿಯಾಗಿರುವುದು ಕಂಡುಬಂದಿತು. ಅವನು ಮೆಕೇಗೆ ಪತ್ರ ಬರೆದು ಬೇರೆ ಬೇರೆ ಊರುಗಳ ನೀರನ್ನು ತರಿಸಿಕೊಂಡನು. ಎಲ್ಲೆಲ್ಲಿ ಕಲೆಯಿತ್ತೋ ಅಲ್ಲೆಲ್ಲ ಫ್ಲೋರೈಡು ಹೆಚ್ಚಾಗಿತ್ತು. ಒಗಟು ಬಿಡಿಸಲು ಮೂವತ್ತು ವರ್ಷಗಳು ಹಿಡಿದವು. ದಂತವೈದ್ಯನು ಕಂಡುದನ್ನು ರಸಾಯನ ವಿಜ್ಞಾನಿಯು ತಿಳಿಯದೆ ಇದ್ದಿದ್ದರೆ ಇನ್ನೂ ಎಷ್ಟು ವರ್ಷಗಳು ಕಳೆಯುತ್ತಿದ್ದವೋ!

ಅಮೆರಿಕದಲ್ಲಿ ದೊರೆತ ಈ ಸುಳಿವು ಪತ್ರಿಕೆಗಳ ಮೂಲಕ ಕಡಲನ್ನು ದಾಟಿತು. ಆರೇ ವರ್ಷಗಳ ಮೇಲೆ, 1937ರಲ್ಲಿ, ಎಚ್.ಇ. ಶಾರ್ಟ್ ಮತ್ತು ಅವನ ಸಂಗಡಿಗರು ಮದರಾಸು ಪ್ರಾಂತದಲ್ಲಿ ಫ್ಲೋರೋಸಿಸ್ ಬೇರೂರಿರುವುದನ್ನು ಕುರಿತು ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ ಪತ್ರಿಕೆಯಲ್ಲಿ ಲೇಖನವನ್ನು ಪ್ರಕಟಿಸಿದರು. ಫ್ಲೋರೈಡು ಹಲ್ಲನ್ನಷ್ಟೇ ಅಲ್ಲದೆ ಮೂಳೆಗಳನ್ನೂ ಬೆನ್ನೆಲುಬನ್ನೂ ಪೀಡಿಸುವುದೆಂದು ಅದು ಲೋಕಕ್ಕೆ ತೋರಿಸಿಕೊಟ್ಟಿತು. ಬಳ್ಳಾರಿಯು ಆಗ ಅದೇ ಮದರಾಸು ಪ್ರಾಂತಕ್ಕೆ ಸೇರಿತ್ತು. ಮೈಸೂರು ರಾಜ್ಯವನ್ನು ಅದು ಕೂಡಿಕೊಂಡುದು 1953ರ ಅಕ್ಟೋಬರ್ ಒಂದರಂದು. ಬಳ್ಳಾರಿ ಜಿಲ್ಲೆಯ ಪೆದ್ದವಂಕ ಹಳ್ಳದ ಜಲಾನಯನ ಪ್ರದೇಶದ ಅಂತರ್ಜಲದಲ್ಲಿರುವ ಫ್ಲೋರೈಡನ್ನೂ ಅದರ ಪರಿಣಾಮವನ್ನೂ ಕುರಿತ ಲೇಖನವೊಂದು 1996ರಲ್ಲಿ ಪ್ರಕಟವಾಯಿತು. ಅದನ್ನು ಅಚ್ಚು ಹಾಕಿದ ‘ಕರೆಂಟ್ ಸೈನ್ಸ್’ 1932ರಿಂದ ಬೆಂಗಳೂರಿನಲ್ಲಿ ಹೊರಡುತ್ತಿರುವ ವಿಜ್ಞಾನ ಪತ್ರಿಕೆ. ಹೀಗೆ ಬಳ್ಳಾರಿಯ ನೆಲದ ನೀರು ಜಗತ್ತಿನ ವಿಜ್ಞಾನ ಸಾಹಿತ್ಯದಲ್ಲಿ ಸ್ಥಾನ ಪಡೆಯಿತು.

ವಿಜ್ಞಾನ ಪತ್ರಿಕೆಯೆಂಬುದು ಹೊಸದೇನೂ ಅಲ್ಲ. 1665ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಓಲ್ಡನ್‌ಬರ್ಗ್ ಎಂಬವನು ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಎಂಬ ಪತ್ರಿಕೆಯನ್ನು ಆರಂಭಿಸಿದನು. ದಂತವಿಜ್ಞಾನಕ್ಕೇ ಮೀಸಲಾದ ಪತ್ರಿಕೆ ಅಮೆರಿಕದಲ್ಲಿ 1839ರಲ್ಲಿ ಹುಟ್ಟಿತು. ನಮ್ಮ ದೇಶದಲ್ಲಿ ಈ ಕಾರ್ಯಕ್ಕೆ ಅಡಿಗಲ್ಲಿಟ್ಟವರು ಡಾ. ರಫಿಯುದ್ದೀನ್ ಅಹಮದ್. 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ದಂತ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಅವರು, 1925ರಲ್ಲಿ ‘ಇಂಡಿಯನ್ ಡೆಂಟಲ್ ಜರ್ನಲ್’ ಪತ್ರಿಕೆಯನ್ನು ಹೊರಡಿಸಿ ಅನೇಕ ವರ್ಷ ಅದರ ಸಂಪಾದಕರಾಗಿದ್ದರು. ಕಾಲೇಜು ಕಟ್ಟಿದರೆ ಸಾಲದು, ಕಲಿತವರು ಕಲಿಯುತ್ತಲೇ ಇರಬೇಕಾದರೆ ಪತ್ರಿಕೆಯೂ ಬೇಕೆಂಬ ವಿವೇಕ ಈ ಕಾರ್ಯದಲ್ಲಿ ಎದ್ದು ಕಾಣುತ್ತದೆ.

ಇಂತಹ ಪತ್ರಿಕೆಯನ್ನು ನಡೆಸುವುದು ಸುಲಭದ ಕೆಲಸವಲ್ಲ. ಬಳ್ಳಾರಿಯ ದಂತವೈದ್ಯರೊಬ್ಬರು ಹತ್ತಾರು ಹಳ್ಳಿಗಳ ಶಾಲಾಮಕ್ಕಳ ಹಲ್ಲುಗಳನ್ನು ಪರೀಕ್ಷಿಸಿ, ಅಲ್ಲಿನ ಕೊಳವೆಬಾವಿಗಳ ನೀರನ್ನು ಅಳೆದು, ಲೇಖನವೊಂದನ್ನು ಬರೆದು ಕಳುಹಿಸುವರೆಂದು ಭಾವಿಸಬಹುದು. ಸಂಪಾದಕರು ಮೊದಲು ಅದನ್ನು ಓದಿ, ವಿಷಯ ಪತ್ರಿಕೆಗೆ ತಕ್ಕುದೇ, ಮಕ್ಕಳ ತಂದೆತಾಯಿಗಳ ಒಪ್ಪಿಗೆ ಪಡೆಯಲಾಗಿದೆಯೇ ಎಂದು ನೋಡುತ್ತಾರೆ. ಅನಂತರ ಅದೇ ವಿಷಯದಲ್ಲಿ ಪರಿಣತರಾದ ಇಬ್ಬರು ಮೂವರಿಗೆ ಅದನ್ನು ಕಳುಹಿಸುತ್ತಾರೆ. ಇವರೇ ಪರಿಶೀಲಕರು. ಬರೆದವರ ಹೆಸರು ಪರಿಶೀಲಕರಿಗೂ, ಪರಿಶೀಲಕರ ಹೆಸರು ಬರೆದವರಿಗೂ ತಿಳಿಯದಂತೆ ಅನೇಕ ಪತ್ರಿಕೆಗಳು ಎಚ್ಚರ ವಹಿಸುತ್ತವೆ. ಎಷ್ಟು ಮಕ್ಕಳನ್ನು ಪರೀಕ್ಷಿಸಲಾಯಿತು? ಅವರನ್ನು ಆರಿಸಿದ ಬಗೆ ಯಾವುದು? ನೀರಿನ ಮಾದರಿಯನ್ನು ಯಾವ ಋತುವಿನಲ್ಲಿ ತೆಗೆಯಲಾಯಿತು? ಕಲೆಗೆ ಬೇರೆ ಕಾರಣ ಇರಲಾರದೇ? ಹೀಗೆ ಪ್ರಶ್ನೆಗಳ ಸುರಿಮಳೆಯಾಗುತ್ತದೆ. ಲೇಖಕರು ತಿದ್ದಿ ಬರೆಯುತ್ತಾರೆ. ಕೆಲವೊಮ್ಮೆ ಎರಡು ಮೂರು ಸಲ ತಿದ್ದಬೇಕಾಗುತ್ತದೆ. ಎಷ್ಟೋ ಲೇಖನಗಳು ಈ ಜರಡಿಯಲ್ಲಿಯೇ ನಿಂತುಹೋಗುತ್ತವೆ. ಪರಿಶೀಲಕರು ಸಾಮಾನ್ಯವಾಗಿ ಸಂಭಾವನೆಯಿಲ್ಲದೆ ಈ ಕೆಲಸವನ್ನು ಮಾಡುತ್ತಾರೆ.

ಒಪ್ಪಿತವಾದ ಲೇಖನದ ಕರಡಚ್ಚನ್ನು ತಿದ್ದುವವರ ಹೊಣೆಯೂ ಸಣ್ಣದಲ್ಲ. ಫ್ಲೋರೈಡಿನ ವಿಷಯದಲ್ಲಿ ಒಂದು ಚುಕ್ಕೆ ತಪ್ಪಿದರೂ ಅರ್ಥವೇ ಕೆಡುತ್ತದೆ, 1.5 ಎಂಬುದು 15 ಎಂದಾದರೆ ಮಿತಿಯೇ ವಿಷವಾದಂತೆ. ಸ್ವಲ್ಪ ಪ್ರಮಾಣದ ಫ್ಲೋರೈಡು ಹಲ್ಲನ್ನು ಹುಳುಕಿನಿಂದ ಕಾಪಾಡುತ್ತದೆ, ಹೆಚ್ಚಾದರೆ ಕೆಡಿಸುತ್ತದೆ. ಹಿತ ಅಹಿತಗಳ ನಡುವೆ ಇಷ್ಟು ಕಿರಿದಾದ ಗೆರೆಯಿರುವಾಗ ಅಂಕಿಯ ನಿಖರತೆಯೇ ಪತ್ರಿಕೆಯ ಪ್ರಾಣ. ಅಚ್ಚಾದ ಮೇಲೆ ತಪ್ಪು ಕಂಡುಬಂದರೆ ಅದನ್ನು ಮುಚ್ಚಿಡದೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿಯನ್ನು ಪ್ರಕಟಿಸುವುದು ಒಳ್ಳೆಯ ಪತ್ರಿಕೆಯ ಲಕ್ಷಣ.

ಇಷ್ಟೆಲ್ಲ ಶ್ರಮಕ್ಕೆ ಹಣ ಬೇಕು. ಹಿಂದೆ ಈ ಹಣ ಚಂದಾದಿಂದಲೇ ಹೆಚ್ಚಾಗಿ ಬರುತ್ತಿತ್ತು. ಆದರೆ ವಿದೇಶಗಳ ಪತ್ರಿಕೆಗಳ ಚಂದಾ ವರ್ಷ ವರ್ಷವೂ ಏರುತ್ತ ಹೋಗಿ, ದೊಡ್ಡ ಗ್ರಂಥಾಲಯಗಳಿಗೂ ಅದು ಭಾರವಾಯಿತು. ಬಳ್ಳಾರಿಯಲ್ಲಿ 1961ರಲ್ಲಿಯೇ ವೈದ್ಯಕೀಯ ಕಾಲೇಜು ಆರಂಭವಾಯಿತು. ಮುಂದೆ ಸರಕಾರಿ ದಂತ ವೈದ್ಯಕೀಯ ಕಾಲೇಜೂ ಅಲ್ಲಿಗೆ ಬಂದಿತು. ಕಾಲೇಜಿನೊಳಗೆ ಇರುವವರಿಗೆ ಪತ್ರಿಕೆ ಹೇಗೋ ದೊರೆಯಬಹುದು. ಆದರೆ ದೂರದ ತಾಲ್ಲೂಕಿನಲ್ಲಿ ಸ್ವಂತ ಚಿಕಿತ್ಸಾಲಯ ನಡೆಸುವ ದಂತವೈದ್ಯನಿಗೆ ದೊರೆಯುವುದು ಹೇಗೆ? ಊರಿನ ನೀರನ್ನು ಅಳೆದು ಬರೆದ ಲೇಖನವೇ ಊರಿನವರ ಕೈಗೆ ಎಟುಕದಂತಾದರೆ, ಜೇನು ಕೊಟ್ಟ ಮರವೇ ಅದರ ಸವಿಯನ್ನು ಅರಿಯದಂತಾಗುತ್ತದೆ.

ಈ ಗೋಡೆಯನ್ನು ಕೆಡವುವ ಪ್ರಯತ್ನಗಳು ಅಂತರಜಾಲದ ಬಳಕೆಯೊಂದಿಗೆ ಬಲಗೊಂಡವು. 1997ರಿಂದ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ‘ಪಬ್‌ಮೆಡ್’ ಎಂಬ ಸೂಚಿಯನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. 2002ರಲ್ಲಿ ಬುಡಾಪೆಸ್ಟ್ ನಗರದ ಹೆಸರಿನಲ್ಲಿ ಹೊರಟ ಘೋಷಣೆಯೊಂದು, ಸಂಶೋಧನ ಲೇಖನಗಳನ್ನು ಯಾರು ಬೇಕಾದರೂ ಬೆಲೆ ಕೊಡದೆ ಓದುವಂತಿರಬೇಕೆಂದು ಸಾರಿತು. ಇದಕ್ಕೆ ಮುಕ್ತ ಪ್ರವೇಶ ಎಂದು ಹೆಸರು. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 2003ರಲ್ಲಿ ‘ಹೆಲಿನೆಟ್’ ಎಂಬ ವ್ಯವಸ್ಥೆಯಿಂದ ತನ್ನ ಕಾಲೇಜುಗಳು ಒಟ್ಟಾಗಿ ಚಂದಾ ತೆತ್ತು ಪತ್ರಿಕೆಗಳನ್ನು ಪಡೆಯುವಂತೆ ಮಾಡಿತು. ಕೇಂದ್ರ ಸರಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ 2025ರ ಜನವರಿಯಲ್ಲಿ ಜಾರಿಗೆ ಬಂದಿತು. ಸುಮಾರು 13,000 ಪತ್ರಿಕೆಗಳು 6,300ರಷ್ಟು ಸರಕಾರಿ ಸಂಸ್ಥೆಗಳಿಗೆ ದೊರೆಯುವಂತೆ ಅದನ್ನು ರೂಪಿಸಲಾಗಿದೆ. ‘ಕರೆಂಟ್ ಸೈನ್ಸ್’ ಪತ್ರಿಕೆಯ ಹಳೆಯ ಸಂಪುಟಗಳನ್ನು ಯಾರೂ ಉಚಿತವಾಗಿ ತೆರೆದು ಓದಬಹುದು.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ತೊಡಕುಗಳು ಮುಗಿಯಲಿಲ್ಲ. ಓದುಗನಿಂದ ಹಣ ಪಡೆಯದ ಕೆಲವು ಪತ್ರಿಕೆಗಳು ಬರೆದವರಿಂದ ಶುಲ್ಕ ಪಡೆಯುತ್ತವೆ. ಬಡ ಸಂಶೋಧಕನಿಗೆ ಇದೂ ಒಂದು ಗೋಡೆಯೇ. ಇನ್ನು ಶುಲ್ಕದ ಆಸೆಗಾಗಿಯೇ ಹುಟ್ಟಿಕೊಂಡ ಹುಸಿ ಪತ್ರಿಕೆಗಳೂ ಉಂಟು. ಪರಿಶೀಲನೆಯ ಹೆಸರನ್ನು ಹೇಳಿ, ಪರಿಶೀಲನೆಯನ್ನೇ ಮಾಡದೆ, ಬಂದುದನ್ನೆಲ್ಲ ಅವು ಪ್ರಕಟಿಸುತ್ತವೆ. ಜರಡಿಯಿಲ್ಲದ ಮುಕ್ತತೆ ಕಾಳಿನೊಡನೆ ಕಲ್ಲನ್ನೂ ಬಡಿಸುತ್ತದೆ. ಆದುದರಿಂದ ಸಂಪಾದಕನಿಗೆ ಇಂದು ಎರಡು ಕರ್ತವ್ಯಗಳಿವೆ. ಸುಳ್ಳು ಒಳಗೆ ಬಾರದಂತೆ ಬಾಗಿಲನ್ನು ಕಾಯಬೇಕು. ನಿಜ ಹೊರಗೆ ಹೋಗಲು ಅದೇ ಬಾಗಿಲನ್ನು ತೆರೆದಿಡಬೇಕು.

ಕೊನೆಯದಾಗಿ ಉಳಿಯುವುದು ಭಾಷೆಯ ಗೋಡೆ. ದಂತವಿಜ್ಞಾನದ ಸಂಶೋಧನೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಪ್ರಕಟವಾಗುತ್ತದೆ. ಕುರುಗೋಡಿನ ಆರೋಗ್ಯ ಕಾರ್ಯಕರ್ತೆಗೂ ಸಿರುಗುಪ್ಪದ ಅಂಗನವಾಡಿ ಶಿಕ್ಷಕಿಗೂ ಬೇಕಾದುದು ಇಡೀ ಲೇಖನವಲ್ಲ. ಯಾವ ಬಾವಿಯ ನೀರು ಕುಡಿಯಲು ತಕ್ಕುದು, ಯಾವುದು ಬಟ್ಟೆ ಪಾತ್ರೆಗಳಿಗೆ ಮಾತ್ರ ತಕ್ಕುದು, ನೀರನ್ನು ಕುದಿಸಿದರೆ ಫ್ಲೋರೈಡು ಹೋಗದು, ಸ್ಫಟಿಕ ಮತ್ತು ಸುಣ್ಣವನ್ನು ತಕ್ಕ ಪ್ರಮಾಣದಲ್ಲಿ ಬೆರೆಸುವ ನಲ್ಗೊಂಡ ವಿಧಾನದಿಂದ ಅದನ್ನು ತಗ್ಗಿಸಬಹುದು ಎಂಬ ನಾಲ್ಕು ಮಾತುಗಳು ಕನ್ನಡದಲ್ಲಿ ದೊರೆತರೆ ಸಾಕು. ಪ್ರತಿಯೊಂದು ಲೇಖನದ ಜೊತೆಗೆ, ಅಧ್ಯಯನ ನಡೆದ ಊರಿನ ಜನರ ಭಾಷೆಯಲ್ಲಿ ಅರ್ಧ ಪುಟದ ಸಾರಾಂಶವನ್ನು ಪ್ರಕಟಿಸುವುದು ಯಾವ ಪತ್ರಿಕೆಗೂ ದೊಡ್ಡ ಭಾರವಲ್ಲ.

1923ರಲ್ಲಿ ಅಮೆರಿಕದ ಓಕ್ಲಿ ಎಂಬ ಸಣ್ಣ ಊರಿನ ತಾಯಂದಿರು ತಮ್ಮ ಮಕ್ಕಳ ಹಲ್ಲುಗಳ ಕಲೆಯನ್ನು ಮೆಕೇಗೆ ತೋರಿಸಿದರು. ಹೊಸ ಚಿಲುಮೆಯಿಂದ ಕೊಳಾಯಿ ನೀರು ಬಂದ ಮೇಲೆ ಕಲೆ ಮೂಡಿತೆಂದು ಅವರು ತಿಳಿಸಲು, ಆ ನೀರನ್ನು ಬಿಟ್ಟು ಬೇರೆ ನೀರನ್ನು ತರಿಸಿಕೊಳ್ಳುವಂತೆ ಅವನು ಸಲಹೆಯಿತ್ತನು. ಊರಿನವರು ಹಾಗೆಯೇ ಮಾಡಿದರು. ಕೆಲವೇ ವರ್ಷಗಳಲ್ಲಿ ಅಲ್ಲಿನ ಕಿರಿಯ ಮಕ್ಕಳಿಗೆ ಕಲೆಯಿಲ್ಲದ ಹಲ್ಲುಗಳು ಮೂಡತೊಡಗಿದವು. ಆ ಊರಿಗೆ ಅಗತ್ಯವಾದ ತಿಳಿವಳಿಕೆ ಸಕಾಲದಲ್ಲಿ ಬಂದಿತ್ತು. ಬಾವಿಯ ಬಳಿ ಹುಟ್ಟಿದ ಪ್ರಶ್ನೆ ಪತ್ರಿಕೆಯ ಪುಟವನ್ನು ಸೇರಿದರೆ ಅರ್ಧ ದಾರಿ ನಡೆದಂತೆ. ಉತ್ತರವು ಮರಳಿ ಅದೇ ಬಾವಿಯ ಕಟ್ಟೆಗೆ ಬಂದು, ಕೊಡ ಹಿಡಿದು ನಿಂತ ತಾಯಿಗೆ ಅರ್ಥವಾದಾಗ ಮಾತ್ರ ವಿಜ್ಞಾನ ಪತ್ರಿಕೆಯ ಕೆಲಸ ಪೂರ್ಣವಾಗುತ್ತದೆ.